ಮಗು ಬದಲಾಗಿದೆ ಅನಿಸಿದಾಗ ಎಲ್ಲೆಲ್ಲಿ ನೋಡಬೇಕು?

ಗಲಾಟೆ ಮಾಡುವ ಹುಡುಗನ ಹೆಸರು ಇಡೀ ಶಾಲೆಗೆ ಗೊತ್ತಿರುತ್ತದೆ. ಹೆಡ್‌ಮಾಸ್ಟರಿಗೆ ಗೊತ್ತು, ಬಿಸಿಯೂಟದ ಅಡುಗೆಯವರಿಗೆ ಗೊತ್ತು, ಬೇರೆ ಮಕ್ಕಳ ಅಪ್ಪ-ಅಮ್ಮಂದಿರಿಗೂ ಗೊತ್ತು. ಅದೇ ತರಗತಿಯಲ್ಲಿ ಗೋಡೆ ಬದಿಗೆ ಕೂತು ಎರಡು ತಿಂಗಳಿಂದ ಯಾರೊಡನೆಯೂ ಆಡದ ಹುಡುಗಿಯ ಬಗ್ಗೆ ಕೇಳಿ ನೋಡಿ. ‘ಅವಳಾ? ತುಂಬಾ ಒಳ್ಳೇ ಹುಡುಗಿ, ಬಾಯೇ ಬಿಡಲ್ಲ’ ಎನ್ನುತ್ತಾರೆ. ನಮಗೆ ಕಾಟ ಕೊಡುವ ಮಗುವಿಗೆ ಏನೋ ಸಮಸ್ಯೆ ಇದೆ, ಕಾಟ ಕೊಡದ ಮಗು ಚೆನ್ನಾಗಿದೆ ಎಂದು ಲೆಕ್ಕ ಹಾಕುವುದು ನಮಗೆ ರೂಢಿ. ಈ ಲೆಕ್ಕ ಎರಡೂ ಕಡೆ ತಪ್ಪುತ್ತದೆ. ಬರೀ ತುಂಟನೊಬ್ಬನಿಗೆ ಹಣೆಪಟ್ಟಿ ಬೀಳುತ್ತದೆ, ಒಳಗೊಳಗೇ ಕುಸಿಯುತ್ತಿರುವವಳಿಗೆ ಶಹಭಾಸ್ ಸಿಗುತ್ತದೆ.

ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ ಮತ್ತು ಹಳ್ಳಿಗಳ 2,064 ಮಕ್ಕಳನ್ನು ನಿಮ್ಹಾನ್ಸ್ ತಜ್ಞರು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 16 ವರ್ಷದವರೆಗಿನ ಮಕ್ಕಳಲ್ಲಿ ಶೇ 12.5ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಅಥವಾ ವರ್ತನೆಯ ತೊಂದರೆ ಇತ್ತು. ಸ್ಥಿತಿವಂತರ ಬಡಾವಣೆಗೂ ಕೊಳೆಗೇರಿಗೂ ಹಳ್ಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದೇ ಪ್ರಮಾಣ ಹಿಡಿದರೆ 40 ಮಕ್ಕಳ ತರಗತಿಯಲ್ಲಿ ಐದು ಮಕ್ಕಳು. ಹೆಚ್ಚಾಗಿ ಕಂಡದ್ದು ಹಾಸಿಗೆಯಲ್ಲಿ ಉಚ್ಚೆ ಮಾಡಿಕೊಳ್ಳುವುದು, ನಿರ್ದಿಷ್ಟ ವಸ್ತು-ಸಂದರ್ಭಗಳ ಅತಿಯಾದ ಭಯ, ಅತಿ ಚಟುವಟಿಕೆ, ಉಗ್ಗು, ಎಲ್ಲದಕ್ಕೂ ಎದುರು ನಿಲ್ಲುವ ವರ್ತನೆ. ಇವುಗಳಲ್ಲಿ ಎಷ್ಟೋ ವಯಸ್ಸಿನ ಜೊತೆ ತಾವಾಗಿಯೇ ಹೋಗುತ್ತವೆ. ಹೋಗದೆ ಉಳಿಯುವುದು ಯಾವುದು, ಅದನ್ನು ಮೊದಲೇ ಹೇಗೆ ತಿಳಿಯುವುದು ಎಂಬುದೇ ಅಪ್ಪ-ಅಮ್ಮಂದಿರ ಮತ್ತು ಶಿಕ್ಷಕರ ನಿಜವಾದ ಪ್ರಶ್ನೆ.

ಇದಕ್ಕೆ ರೋಗಗಳ ಹೆಸರು ಬಾಯಿಪಾಠ ಮಾಡಬೇಕಿಲ್ಲ. ಮೂರು ಪ್ರಶ್ನೆ ಕೇಳಿಕೊಂಡರೆ ಅರ್ಧ ದಾರಿ ಸಾಗಿದಂತೆ. ಎಷ್ಟು ದಿನದಿಂದ ಹೀಗಿದೆ? ಎಲ್ಲೆಲ್ಲಿ ಹೀಗಿದೆ? ಇದರಿಂದ ಏನು ನಿಂತುಹೋಗಿದೆ? ಅಜ್ಜಿ ತೀರಿಕೊಂಡ ಮೇಲೆ ಮಗು ಹದಿನೈದು ದಿನ ಮಂಕಾಗಿದ್ದರೆ ಅದು ದುಃಖ. ಮೂರು ತಿಂಗಳಾದರೂ ಊಟ ಸೇರುತ್ತಿಲ್ಲ, ಆಟ ಬಿಟ್ಟಿದೆ ಅಂದರೆ ಅದು ಬೇರೆ ವಿಷಯ. ಮನೆಯಲ್ಲಿ ರಂಪ ಮಾಡಿ ಶಾಲೆಯಲ್ಲಿ ಚೆನ್ನಾಗಿರುವ ಮಗುವಿನ ವಿಷಯದಲ್ಲಿ ಮೊದಲು ಮನೆಯನ್ನು ನೋಡಬೇಕು. ಮನೆ, ಶಾಲೆ, ಟ್ಯೂಷನ್ ಮೂರೂ ಕಡೆ ಅದೇ ಕಥೆಯಾದರೆ ಮಗುವನ್ನೇ ಪರೀಕ್ಷೆ ಮಾಡಿಸಬೇಕು. ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ ಎಂದು ವೈದ್ಯರು ತೀರ್ಮಾನಿಸುವುದಕ್ಕೂ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು, ಕನಿಷ್ಠ ಎರಡು ಕಡೆ ಕಾಣಬೇಕು, ಆರು ತಿಂಗಳಾದರೂ ಇರಬೇಕು. ಮದುವೆ ಮನೆಯಲ್ಲಿ ಓಡಾಡಿ ಲೋಟ ಒಡೆದ ಮಗುವಿಗೆ ‘ಹೈಪರ್’ ಎಂದು ಹೆಸರಿಡುವ ನೆಂಟರಿಗೆ ಇದನ್ನು ಹೇಳಬಹುದು.

ಮೂರನೆಯ ಪ್ರಶ್ನೆಯೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಮಗು ಹೊಸದಾಗಿ ಏನು ಮಾಡುತ್ತಿದೆ ಎಂಬುದು ಎಲ್ಲರ ಕಣ್ಣಿಗೆ ಬೀಳುತ್ತದೆ, ಏನನ್ನು ಬಿಟ್ಟಿದೆ ಎಂಬುದು ಬೀಳುವುದಿಲ್ಲ. ಸಂಜೆ ಕ್ರಿಕೆಟ್‌ಗೆ ಹೋಗುವುದು ನಿಂತಿದೆಯೇ, ಗೆಳತಿಯ ಮನೆಗೆ ಹೋಗುವುದು ನಿಂತಿದೆಯೇ, ಚಿತ್ರ ಬರೆಯುವುದು ನಿಂತಿದೆಯೇ ಎಂದು ನೋಡಿ.

ವಯಸ್ಸಿಗೆ ತಕ್ಕಂತೆ

ಎರಡು-ಮೂರು ವರ್ಷದ ಮಗು ನೆಲಕ್ಕೆ ಬಿದ್ದು ಹೊರಳಾಡುವುದು, ಕಚ್ಚುವುದು, ಹೊಡೆಯುವುದು ಸಾಮಾನ್ಯ. ಮಾತು ಬಂದಂತೆ ಅದು ಇಳಿಯುತ್ತದೆ. ಹಟ ದಿನಕ್ಕೆ ಹಲವು ಸಲ ಬಂದು, ಪ್ರತಿ ಸಲವೂ ಅರ್ಧ ಗಂಟೆ ಎಳೆದು, ಮಗು ತಲೆ ಚಚ್ಚಿಕೊಳ್ಳುವ ಮಟ್ಟಕ್ಕೆ ಹೋದರೆ ತೋರಿಸಬೇಕು. ಒಂದೂವರೆ ವರ್ಷವಾದರೂ ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿಲ್ಲ, ಹೆಸರು ಕರೆದರೆ ತಿರುಗುತ್ತಿಲ್ಲ, ಎರಡು ವರ್ಷವಾದರೂ ‘ಅಮ್ಮ ಬಾ’ ಎಂಬಷ್ಟು ಎರಡು ಪದ ಕೂಡಿಸುತ್ತಿಲ್ಲ ಎಂದರೆ ‘ಇವರಪ್ಪನೂ ಲೇಟಾಗೇ ಮಾತಾಡಿದ್ದು’ ಎಂದು ಕಾಯುವುದು ಬೇಡ. ಮೊದಲು ಕಿವಿ ಪರೀಕ್ಷೆ, ಆಮೇಲೆ ಮಿಕ್ಕದ್ದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಪರೀಕ್ಷೆಗೇ ಹೆಸರಾದದ್ದು. ಅಂಗನವಾಡಿ ವಯಸ್ಸಿನಲ್ಲಿ ಇನ್ನೊಂದನ್ನು ಗಮನಿಸಿ: ಬಿದ್ದು ಪೆಟ್ಟಾದಾಗ ಮಗು ಯಾರ ಹತ್ತಿರ ಓಡುತ್ತದೆ? ಯಾರ ಹತ್ತಿರವೂ ಓಡದ ಮಗು, ಪರಿಚಯವೇ ಇಲ್ಲದವರ ತೊಡೆಯನ್ನೂ ಏರಿ ಕೂರುವ ಮಗು, ಇಬ್ಬರ ಬಗ್ಗೆಯೂ ವಿಚಾರಿಸಬೇಕು.

ಶಾಲೆಯ ವಯಸ್ಸಿಗೆ ಬಂದರೆ ಹಾಜರಿ ಪುಸ್ತಕಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಒಟ್ಟು ಎಷ್ಟು ಗೈರು ಎಂಬುದನ್ನು ಬಿಡಿ, ಯಾವ ದಿನ ಗೈರು ಎಂದು ನೋಡಿ. ಪ್ರತಿ ಸೋಮವಾರ ಬಾರದ ಮಗುವಿನ ಮನೆಯಲ್ಲಿ ಭಾನುವಾರ ಏನು ನಡೆಯುತ್ತದೆ? ಕುಡಿತದ ಜಗಳವೇ? ಪಿ.ಟಿ. ಪೀರಿಯಡ್ ಇರುವ ದಿನವೇ ತಪ್ಪಿಸುವ ಹುಡುಗನನ್ನು ಮೈದಾನದಲ್ಲಿ ಯಾರಾದರೂ ಕಾಡುತ್ತಿದ್ದಾರೆಯೇ? ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಹನ್ನೊಂದಕ್ಕೆ ನಿಲ್ಲುವ, ಭಾನುವಾರ ಬಾರದ ಹೊಟ್ಟೆನೋವಿಗೆ ‘ನಾಟಕ’ ಎಂದು ಬೈಯುವವರೇ ಹೆಚ್ಚು. ಆದರೆ ಆ ನೋವು ಮಗುವಿಗೆ ನಿಜವಾಗಿಯೂ ಆಗುತ್ತಿರುತ್ತದೆ. ಆತಂಕ ಮಕ್ಕಳಲ್ಲಿ ಮಾತಾಗಿ ಬರುವ ಮೊದಲು ಹೊಟ್ಟೆಯಲ್ಲಿ, ತಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ಬಿಸಿಯೂಟ ಬಡಿಸುವವರನ್ನೂ ಕೇಳಿ. ಯಾವ ಮಗು ಊಟ ಬಿಡುತ್ತಿದೆ, ಯಾವುದು ಇದ್ದಕ್ಕಿದ್ದಂತೆ ಮೂರು ಸಲ ಹಾಕಿಸಿಕೊಳ್ಳುತ್ತಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಅವರನ್ನು ಕೇಳುವವರೇ ಇಲ್ಲ, ಅಷ್ಟೆ.

ಕದಿಯುವುದು, ಸುಳ್ಳು ಹೇಳುವುದು, ಹೊಡೆಯುವುದರ ವಿಷಯದಲ್ಲಿ ಒಂದು ವ್ಯತ್ಯಾಸವನ್ನು ಚೆನ್ನಾಗಿ ತಿಳಿದಿರಬೇಕು. ನ್ಯೂಜಿಲೆಂಡ್‌ನ ಡನೀಡನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಸಂಶೋಧಕರು ದಶಕಗಳ ಕಾಲ ಬಿಡದೆ ಹಿಂಬಾಲಿಸಿದ್ದಾರೆ. ಅದರಲ್ಲಿ ದುಡಿದ ಟೆರಿ ಮೊಫಿಟ್ 1993ರಲ್ಲಿ ಎರಡು ದಾರಿಗಳನ್ನು ಗುರುತಿಸಿದರು. ಹದಿಹರೆಯದಲ್ಲಿ ಗುಂಪು ಸೇರಿ ತರಲೆ ಶುರುಮಾಡಿ ದೊಡ್ಡವರಾಗುತ್ತ ಬಿಟ್ಟುಬಿಡುವವರೇ ಬಹುಪಾಲು. ಚಿಕ್ಕಂದಿನಿಂದಲೇ, ಹತ್ತು ವರ್ಷಕ್ಕೆ ಮೊದಲೇ, ಎಲ್ಲ ಕಡೆಯೂ ಆಕ್ರಮಣಕಾರಿಯಾಗಿ ನಡೆದುಕೊಳ್ಳುವ ಸಣ್ಣ ಗುಂಪು ಇನ್ನೊಂದು. ತೊಂದರೆ ದೊಡ್ಡವರಾದ ಮೇಲೂ ಮುಂದುವರಿಯುವ ಸಂಭವ ಇವರಲ್ಲಿ ಹೆಚ್ಚು. ಹಾಗಾಗಿ ಒಂಬತ್ತನೇ ತರಗತಿಯಲ್ಲಿ ಮೊದಲ ಸಲ ಕ್ಲಾಸಿಗೆ ಚಕ್ಕರ್ ಹೊಡೆದು ಸಿಕ್ಕಿಬಿದ್ದವನ ಬಗ್ಗೆ ಎದ್ದುಬಿದ್ದು ಸಭೆ ಸೇರುವ ನಾವು, ಒಂದನೇ ತರಗತಿಯಲ್ಲೇ ದಿನವೂ ಯಾರಿಗಾದರೂ ಗಾಯ ಮಾಡುವ, ನಾಯಿಮರಿಗೆ ಹಿಂಸೆ ಕೊಡುವ, ಬೆಂಕಿ ಹಚ್ಚಿ ನೋಡುವ ಮಗುವಿನ ವಿಷಯದಲ್ಲಿ ‘ದೊಡ್ಡವನಾದರೆ ಸರಿಹೋಗುತ್ತಾನೆ’ ಎನ್ನುವುದು ತಲೆಕೆಳಗಾದ ಲೆಕ್ಕ. ಆ ಚಿಕ್ಕ ವಯಸ್ಸಿನಲ್ಲೇ ನೆರವು ಹೆಚ್ಚು ನಾಟುವುದು.

ಹೈಸ್ಕೂಲು, ಪಿಯುಸಿ ಮಕ್ಕಳಲ್ಲಿ ರಾತ್ರಿ ನಿದ್ದೆ ಕೆಡುವುದು, ಅಂಕಗಳು ಒಮ್ಮೆಲೇ ಕುಸಿಯುವುದು, ಸ್ನಾನ-ಬಟ್ಟೆಯ ಬಗ್ಗೆ ಅಸಡ್ಡೆ, ಬಿರುಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಬಿಡದಿರುವುದು ಗಮನಕ್ಕೆ ಬರಬೇಕು. ತೋಳಿನ ಕೆಳಗೆ ಬ್ಲೇಡಿನ ಗೀರು ಇರಬಹುದು. ‘ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ’ ಎಂಬ ಮಾತನ್ನು ಸಿನಿಮಾ ಡೈಲಾಗ್ ಎಂದು ತಳ್ಳಿಹಾಕಬೇಡಿ. ‘ಸಾಯಬೇಕು ಅಂತ ಅನ್ನಿಸಿದೆಯಾ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಹೊಕ್ಕುವುದಿಲ್ಲ, ಹೇಳಿಕೊಳ್ಳಲು ದಾರಿ ಸಿಗುತ್ತದೆ. ಹೌದು ಎಂದರೆ ಆ ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಿಗೆ ತೋರಿಸಿ. ಬೇಸಾಯದ ಮನೆಯಾದರೆ ಕ್ರಿಮಿನಾಶಕದ ಡಬ್ಬಿಗಳು ಅಟ್ಟದ ಮೇಲೋ ಕೊಟ್ಟಿಗೆಯ ಮೂಲೆಯಲ್ಲೋ ಇರುತ್ತವೆ. ಇವತ್ತೇ ಬೀಗ ಹಾಕಿ, ಕೀಲಿಯನ್ನು ಒಬ್ಬರೇ ಇಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬರುವ ವಾರ ಎಲ್ಲ ಮನೆಗಳೂ ಈ ಎಚ್ಚರ ವಹಿಸಬೇಕು.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಮಾತು. ಮಾತು ಕಡಿಮೆಯಾದರೆ ‘ದೊಡ್ಡವಳಾದಳು, ಗಂಭೀರವಾದಳು’ ಎಂದು ಮನೆಯವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಒಬ್ಬ ನಿರ್ದಿಷ್ಟ ನೆಂಟ ಅಥವಾ ನೆರೆಯವ ಬಂದಾಗ ಮಾತ್ರ ಅವಳು ಕೋಣೆ ಸೇರುತ್ತಾಳೆಯೇ ಎಂದು ಯಾರೂ ನೋಡಿರುವುದಿಲ್ಲ. ಗಂಡುಮಕ್ಕಳ ವಿಷಯದಲ್ಲೂ ಇದನ್ನು ನೋಡಬೇಕು.

ಬರೆದಿಟ್ಟರೆ ಕಾಣುವುದು

ಮೂರನೇ ತರಗತಿಯ ಹುಡುಗನೊಬ್ಬನ ಮೇಲೆ ‘ಹೊಡೀತಾನೆ’ ಎಂಬ ದೂರು ಇದೆ ಎಂದಿಟ್ಟುಕೊಳ್ಳಿ. ಟೀಚರ್ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಮೂರೇ ಸಂಗತಿ ಬರೆಯುತ್ತಾರೆ: ಮುಂಚೆ ಏನು ನಡೆಯುತ್ತಿತ್ತು, ಇವನು ಏನು ಮಾಡಿದ, ಆಮೇಲೆ ಏನಾಯಿತು. ಸೋಮವಾರ, ಕನ್ನಡ ಪಾಠ, ಸಾಲಾಗಿ ಗಟ್ಟಿಯಾಗಿ ಓದಿಸುತ್ತಿದ್ದೆ, ಇವನ ಸರದಿಗೆ ಇನ್ನಿಬ್ಬರು ಬಾಕಿ ಇದ್ದಾಗ ಪಕ್ಕದವನಿಗೆ ಗುದ್ದಿದ, ಹೊರಗೆ ನಿಲ್ಲಿಸಿದೆ. ಬುಧವಾರ, ಕನ್ನಡ, ಓದು, ಮುಂದೆ ಕೂತವಳ ಜಡೆ ಎಳೆದ, ಹೊರಗೆ ನಿಲ್ಲಿಸಿದೆ. ಗುರುವಾರ, ಬಾಯಿಲೆಕ್ಕ, ಗಲಾಟೆ ಇಲ್ಲ, ಮೂರು ಸಲ ಕೈ ಎತ್ತಿದ. ಶುಕ್ರವಾರ, ಪರಿಸರ ಅಧ್ಯಯನ, ಪಾಠ ಓದಿಸುವಾಗ ಯಾರದೋ ನೀರಿನ ಬಾಟಲಿ ಚೆಲ್ಲಿದ, ಹೊರಗೆ.

ಹೊರಗೆ ನಿಲ್ಲಿಸಿ ಶಿಕ್ಷೆ ಕೊಟ್ಟೆ ಎಂದು ಟೀಚರ್ ಅಂದುಕೊಂಡಿದ್ದರು. ಹುಡುಗನಿಗೆ ಅದು ಬಿಡುಗಡೆ. ನಲವತ್ತು ಮಕ್ಕಳ ಮುಂದೆ ತಡವರಿಸಿ ‘ಪೆದ್ದ’ ಅನ್ನಿಸಿಕೊಳ್ಳುವುದಕ್ಕಿಂತ ‘ರೌಡಿ’ ಅನ್ನಿಸಿಕೊಳ್ಳುವುದು ಅವನಿಗೆ ಎಷ್ಟೋ ವಾಸಿ. ಈಗ ಅವನ ಬರವಣಿಗೆಯನ್ನು ತೆರೆದು ನೋಡಿ. ಬೋರ್ಡಿನಿಂದ ಇಳಿಸಿಕೊಂಡದ್ದು ಸರಿಯಾಗಿದೆ, ಉಕ್ತಲೇಖನದಲ್ಲಿ ‘ಮಕ್ಕಳು’ ‘ಮಕಳು’ ಆಗಿದೆ, ‘ಶಾಲೆ’ ‘ಶಲೆ’ ಆಗಿದೆ. ಒತ್ತು, ದೀರ್ಘ ಉದುರಿಹೋಗಿವೆ, ಪುಟ ಪುಟದಲ್ಲೂ. ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ಆಮೇಲೆ ಕಲಿಕೆಯ ತೊಂದರೆ ಇದೆಯೇ ಎಂದು ಮನಶ್ಶಾಸ್ತ್ರಜ್ಞರಲ್ಲಿ ತೋರಿಸಬೇಕಾದ ಹುಡುಗ ಇವನು. ಅದು ಆಗುವವರೆಗೆ ಎಲ್ಲರ ಮುಂದೆ ಓದಿಸುವುದನ್ನು ಟೀಚರ್ ನಿಲ್ಲಿಸಬಹುದು, ಹಿಂದಿನ ದಿನವೇ ನಾಲ್ಕು ಸಾಲು ಹೇಳಿಕೊಟ್ಟು ಮರುದಿನ ಅಷ್ಟನ್ನೇ ಓದಿಸಬಹುದು. ಕಾರಣ ಸಿಗದೆ ಹೋಗಿ ಈ ಹುಡುಗ ಏಳನೇ ತರಗತಿ ಮುಟ್ಟಿದರೆ ಅಷ್ಟರಲ್ಲಿ ಓದು ಬರುವುದಿಲ್ಲ ಎಂಬುದು ಎಲ್ಲರಿಗೂ ಮರೆತು, ‘ಕೆಟ್ಟವನು’ ಎಂಬ ಹೆಸರು ಮಾತ್ರ ಉಳಿದಿರುತ್ತದೆ.

ಅಮ್ಮಂದಿರೂ ಇಂಥ ನೋಟ್‌ಬುಕ್ ಇಡಬಹುದು. ಪಂಚಾಂಗದ ಕ್ಯಾಲೆಂಡರಿನ ಮೇಲೆ ಗುರುತು ಹಾಕಿದರೂ ಸಾಕು.

ಶಿಕ್ಷಕರಿಗೆ ಇನ್ನೊಂದು ಉಪಾಯ. ಹಾಜರಿ ಪುಸ್ತಕ ಮುಚ್ಚಿಟ್ಟು ತರಗತಿಯ ಎಲ್ಲ ಮಕ್ಕಳ ಹೆಸರನ್ನು ನೆನಪಿನಿಂದ ಬರೆಯಿರಿ. ಮೊದಲು ಬರುವುದು ಜಾಣರು ಮತ್ತು ಗಲಾಟೆಯವರು. ಎಷ್ಟು ತಿಣುಕಿದರೂ ನೆನಪಾಗದ ಮೂರು-ನಾಲ್ಕು ಹೆಸರು ಉಳಿಯುತ್ತವಲ್ಲ, ಮುಂದಿನ ವಾರ ಅವರೊಡನೆ ದಿನಕ್ಕೆ ಎರಡು ನಿಮಿಷ ಪಾಠಕ್ಕೆ ಸಂಬಂಧವಿಲ್ಲದ ಮಾತಾಡಿ.

ಒಂದರ ಮೇಲೊಂದು

ಮಗುವಿನ ಮೇಲೆ ಬೀಳುವ ಕಷ್ಟಗಳು ಹಲವು: ಅಪ್ಪನ ಕುಡಿತ, ಅಮ್ಮನಿಗೆ ಬೀಳುವ ಪೆಟ್ಟು, ಅಮ್ಮನ ಖಿನ್ನತೆ, ಹೆತ್ತವರ ಸಾವು, ಸಾಲ, ಮಗುವಿನ ದೀರ್ಘ ಕಾಯಿಲೆ, ಜಾತಿಯ ಹೆಸರಿನಲ್ಲಿ ಆಗುವ ಅವಮಾನ. ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಇದಕ್ಕೆ ಗುಳೆ ಸೇರುತ್ತದೆ. ಅಪ್ಪ-ಅಮ್ಮ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಕಬ್ಬು ಕಡಿಯಲೋ ಹೋದರೆ ಮಗು ಅಜ್ಜಿಯ ಜೊತೆ ಉಳಿಯುತ್ತದೆ, ಇಲ್ಲವೇ ಶಾಲೆ ಬಿಟ್ಟು ಅವರ ಹಿಂದೆ ಹೋಗುತ್ತದೆ. ಬ್ರಿಟನ್ನಿನ ಮನೋವೈದ್ಯ ಮೈಕೆಲ್ ರಟ್ಟರ್ ಐಲ್ ಆಫ್ ವೈಟ್ ದ್ವೀಪದಲ್ಲಿ ಮತ್ತು ಲಂಡನ್ನಿನಲ್ಲಿ ಮಕ್ಕಳನ್ನು ಪರಿಶೀಲಿಸಿ ಕಂಡುಕೊಂಡದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇಂಥ ಕಷ್ಟ ಒಂದೇ ಇದ್ದಾಗ ಮಗುವಿನ ಅಪಾಯ ಅಷ್ಟಾಗಿ ಏರುವುದಿಲ್ಲ, ಎರಡು, ಮೂರು, ನಾಲ್ಕು ಕೂಡಿದಂತೆ ಹಲವು ಪಟ್ಟು ಏರುತ್ತದೆ. ಆದ್ದರಿಂದ ‘ಅಪ್ಪ ಇಲ್ಲದ ಮಗು, ಹಾಗೇ ಆಗೋದು’ ಎಂಬ ಮಾತಿಗೆ ಆಧಾರವಿಲ್ಲ. ಅದರ ಜೊತೆಗೆ ಬೇರೇನು ಕೂಡಿದೆ ಎಂದು ಕೇಳಬೇಕು.

ಕೂಡಿದ್ದರೂ ಎಲ್ಲ ಮಕ್ಕಳೂ ಮುಳುಗುವುದಿಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದೊಡ್ಡವರಾಗುವವರೆಗೂ ಗಮನಿಸಿದರು. ಬಡತನ, ಮನೆಯ ಜಗಳ, ಹೆತ್ತವರ ಮಾನಸಿಕ ಕಾಯಿಲೆ ಎಲ್ಲವನ್ನೂ ಒಟ್ಟಿಗೆ ಉಂಡ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ ಚೆನ್ನಾಗಿಯೇ ಬೆಳೆದರು. ಅಂಥವರಿಗೆ ಹೆತ್ತವರಲ್ಲದಿದ್ದರೂ ಅಜ್ಜಿ, ಅಕ್ಕ, ಶಿಕ್ಷಕಿ, ನೆರೆಯವರು ಹೀಗೆ ನಂಬಿಕೊಳ್ಳಬಹುದಾದ ಯಾರಾದರೂ ಒಬ್ಬರು ಸ್ಥಿರವಾಗಿ ಇದ್ದರು. ಮಗುವಿನ ಕಷ್ಟಗಳ ಪಟ್ಟಿ ಮಾಡುವವರು ಪಕ್ಕದಲ್ಲೇ ಇನ್ನೊಂದು ಪಟ್ಟಿ ಮಾಡಬೇಕು: ಈ ಮಗುವಿಗೆ ಯಾರಿದ್ದಾರೆ, ಯಾವುದರಲ್ಲಿ ಕೈ ಚೆನ್ನಾಗಿದೆ, ಒಬ್ಬನಾದರೂ ಗೆಳೆಯ ಇದ್ದಾನೆಯೇ. ಈ ಎರಡನೆಯ ಪಟ್ಟಿ ಖಾಲಿ ಇರುವ ಮಗುವಿನ ಕಡೆ ಮೊದಲು ಓಡಿ.

ಪ್ರಶ್ನಾವಳಿ ಎಂಬ ಜರಡಿ

ಬ್ರಿಟನ್ನಿನ ರಾಬರ್ಟ್ ಗುಡ್‌ಮನ್ 1997ರಲ್ಲಿ ರೂಪಿಸಿದ ‘ಎಸ್‌ಡಿಕ್ಯೂ’ ಎಂಬ ಪ್ರಶ್ನಾವಳಿ ಈಗ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರಲ್ಲಿರುವುದು 25 ವಾಕ್ಯ. ಭಾವನೆ, ನಡತೆ, ಚಟುವಟಿಕೆ, ಗೆಳೆತನ, ಇತರರಿಗೆ ಒದಗುವ ಗುಣ, ಒಂದೊಂದಕ್ಕೂ ಐದೈದು. ಅಪ್ಪ-ಅಮ್ಮ, ಶಿಕ್ಷಕರು ಬೇರೆ ಬೇರೆಯಾಗಿ ತುಂಬಬಹುದು, 11 ದಾಟಿದ ಮಕ್ಕಳು ತಾವೇ ತುಂಬಬಹುದು. ಆದರೆ ಇದು ಜರಡಿ ಮಾತ್ರ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ: ನೂರು ಮಕ್ಕಳಲ್ಲಿ ಹನ್ನೆರಡು ಮಂದಿಗೆ ನಿಜಕ್ಕೂ ತೊಂದರೆ ಇದೆ, ಅವರಲ್ಲಿ ಒಂಬತ್ತು ಮಂದಿಯನ್ನು ಜರಡಿ ಹಿಡಿಯಿತು, ಉಳಿದ 88ರಲ್ಲೂ ಒಂಬತ್ತು ಮಂದಿ ಸುಮ್ಮಸುಮ್ಮನೆ ಸಿಕ್ಕಿಕೊಂಡರು. ಹದಿನೆಂಟರಲ್ಲಿ ಅರ್ಧ ಜನಕ್ಕೆ ಏನೂ ಇಲ್ಲ, ಇದ್ದವರಲ್ಲಿ ಮೂವರು ಜಾರಿಯೇ ಹೋದರು. ಅದಕ್ಕೇ ಅಂಕ ಬಂದ ಕೂಡಲೇ ಶಾಲೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವುದಾಗಲಿ, ಸ್ಟಾಫ್‌ರೂಮಿನಲ್ಲಿ ಚರ್ಚಿಸುವುದಾಗಲಿ ಅನ್ಯಾಯ. ಸಿಕ್ಕ ಮಗುವಿನ ಮನೆಯವರನ್ನು ಪ್ರತ್ಯೇಕವಾಗಿ ಕರೆದು ಮಾತಾಡುವ, ಮುಂದೆ ಎಲ್ಲಿಗೆ ಕಳಿಸಬೇಕೆಂದು ತಿಳಿದಿರುವ ಶಾಲೆ ಮಾತ್ರ ಇಂಥದಕ್ಕೆ ಕೈಹಾಕಬೇಕು.

ಮಗುವಿನೊಡನೆ, ಆಮೇಲೆ ವೈದ್ಯರೊಡನೆ

ಎದುರಿಗೆ ಕೂರಿಸಿ ‘ಯಾಕೆ ಹೀಗೆ ಮಾಡ್ತೀಯ?’ ಎಂದು ಕೇಳಿದರೆ ಬರುವ ಉತ್ತರ ‘ಗೊತ್ತಿಲ್ಲ’. ಅವರೆಕಾಯಿ ಸುಲಿಯುವಾಗ, ಬಟ್ಟೆ ಮಡಚುವಾಗ, ಬೈಕಿನಲ್ಲಿ ಹೋಗುವಾಗ, ಮುಖ ಮುಖ ನೋಡದೆ ಮಾತು ಸುಲಭ. ‘ಈಚೆಗೆ ನೀನು ಆಟಕ್ಕೆ ಹೋಗ್ತಿಲ್ಲ ಅಲ್ವಾ ಪುಟ್ಟ’ ಎಂದು ಕಂಡದ್ದನ್ನಷ್ಟೇ ಹೇಳಿ ಸುಮ್ಮನಾಗಿ. ‘ಯಾರಿಗೂ ಹೇಳಲ್ಲ’ ಎಂದು ಆಣೆ ಮಾತ್ರ ಮಾಡಬೇಡಿ. ಲೈಂಗಿಕ ದೌರ್ಜನ್ಯದ ವಿಷಯ ಹೊರಬಂದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಡುವುದು ಅಪರಾಧ. ಮಕ್ಕಳ ಸಹಾಯವಾಣಿ 1098.

ದೃಷ್ಟಿ ತೆಗೆಸುವುದು, ತಾಯಿತ, ಹರಕೆ ಇವುಗಳ ಬಗ್ಗೆ ಮನೆಯ ಹಿರಿಯರ ಜೊತೆ ಜಗಳಕ್ಕೆ ನಿಂತು ತಿಂಗಳು ಕಳೆಯುವುದು ವ್ಯರ್ಥ. ತಾಯಿತ ಕಟ್ಟಿಸಿಕೊಂಡೇ ಆಸ್ಪತ್ರೆಗೆ ಹೋಗಿ, ಯಾವ ವೈದ್ಯರೂ ಬೇಡವೆನ್ನುವುದಿಲ್ಲ. ಹೊಡೆಯುವ, ಹೊಗೆ ಹಾಕುವ, ಉಪವಾಸ ಕೆಡಹುವ ಕಡೆಗೆ ಮಾತ್ರ ಮಗುವನ್ನು ಒಯ್ಯಬಾರದು.

ನೆರವು ಪಡೆಯಲು ಮೊದಲ ದಾರಿ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ತಪಾಸಣೆಗೆ ಬಂದಾಗ ನಿಮ್ಮ ಮಗುವಿನ ವಿಷಯ ಹೇಳಿ ಎಂದು ಟೀಚರಿಗೆ ಮುಂಚೆಯೇ ತಿಳಿಸಿಡಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ಮನೋವೈದ್ಯ ವಿಭಾಗವಿದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಎಲ್ಲಿಗೆ ಹೋಗಬೇಕೆಂದೇ ತೋಚದಿದ್ದರೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಶುಲ್ಕವಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹೋಗುವಾಗ ಆ ನೋಟ್‌ಬುಕ್, ಈ ವರ್ಷದ ಮತ್ತು ಹಿಂದಿನ ವರ್ಷದ ಬರವಣಿಗೆ ಪುಸ್ತಕ, ಅಂಕಪಟ್ಟಿ, ಹೆರಿಗೆಯ ಕಾಗದಪತ್ರ, ತಾಯಿ ಕಾರ್ಡ್, ಟೀಚರ್ ಬರೆದ ಅರ್ಧ ಪುಟ ಜೊತೆಗಿರಲಿ. ವೈದ್ಯರು ಗರ್ಭದಿಂದ ಹಿಡಿದು ಎಲ್ಲವನ್ನೂ ಕೇಳುತ್ತಾರೆ, ಮಗುವಿನೊಡನೆ ಒಂಟಿಯಾಗಿಯೂ ಮಾತಾಡುತ್ತಾರೆ. ಮನೆಯ ಜಗಳ, ಕುಡಿತದ ವಿಷಯ ಮುಚ್ಚಿಟ್ಟರೆ ಚಿಕಿತ್ಸೆ ದಾರಿ ತಪ್ಪುತ್ತದೆ. ಮಾತ್ರೆ ಕೊಟ್ಟೇ ಕೊಡುತ್ತಾರೆ ಎಂದೇನೂ ಇಲ್ಲ. ಚಿಕ್ಕ ಮಕ್ಕಳ ವರ್ತನೆಯ ತೊಂದರೆಗೆ ಮೊದಲು ಅಪ್ಪ-ಅಮ್ಮಂದಿರಿಗೇ ತರಬೇತಿ: ಯಾವುದನ್ನು ಮೆಚ್ಚಬೇಕು, ಯಾವುದನ್ನು ಕಂಡೂ ಕಾಣದಂತಿರಬೇಕು, ಹೊಡೆಯದೆ ಹೇಗೆ ನಿಲ್ಲಿಸಬೇಕು. ಅಪ್ಪನೂ ಬಂದರೆ ಫಲ ಹೆಚ್ಚು. ಬರುವವರು ಬಹುಪಾಲು ಅಮ್ಮಂದಿರೇ.

ಒಂದೆರಡು ಭೇಟಿಯಲ್ಲಿ ಮುಗಿಯುವ ಕೆಲಸವಲ್ಲ ಇದು. ಅಷ್ಟರಲ್ಲಿ ಮಗು ಏಳನೇ ತರಗತಿ ಮುಗಿಸಿ ಬೇರೆ ಹೈಸ್ಕೂಲಿಗೆ ಹೋಗುತ್ತದೆ, ಅಥವಾ ಟೀಚರಿಗೆ ವರ್ಗವಾಗುತ್ತದೆ. ಮಗುವಿನ ವರ್ಗಾವಣೆ ಪತ್ರದಲ್ಲಿ ಹುಟ್ಟಿದ ದಿನ, ಜಾತಿ ಎಲ್ಲ ಇರುತ್ತದೆ, ಈ ಮಗುವನ್ನು ಹೇಗೆ ನೋಡಿಕೊಳ್ಳಬೇಕು ಎಂದು ಬರೆಯಲು ಜಾಗವಿಲ್ಲ. ಹೊಸ ಶಾಲೆಯಲ್ಲಿ ಜೂನ್ ಮೊದಲ ವಾರವೇ ಕ್ಲಾಸ್ ಟೀಚರನ್ನು ಭೇಟಿಯಾಗಿ. ಹಳೆಯ ದೂರುಗಳನ್ನೆಲ್ಲ ಹೇಳಬೇಕಿಲ್ಲ. ಯಾವುದು ಆದರೆ ಇವನು ಕೆರಳುತ್ತಾನೆ, ಏನು ಮಾಡಿದರೆ ಸಮಾಧಾನವಾಗುತ್ತಾನೆ, ಮುಂದಿನ ಸಲ ಆಸ್ಪತ್ರೆಗೆ ಯಾವ ದಿನ ರಜೆ ಬೇಕು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಫೋನ್ ನಂಬರ್ ಸಮೇತ ಕೊಟ್ಟು ಬನ್ನಿ.